ಹೆಡೆ ಎತ್ತಿದ ಹೂವು, ನೆಲದೊಳಗಿನ ಗಡ್ಡಿ

ಮೊದಲ ಮಳೆ ಬಿದ್ದ ವಾರ ಅದು. ಕಲಘಟಗಿ ತಾಲ್ಲೂಕಿನ ಒಂದು ಊರು. ಸಂಜೆ ನಾವೆಲ್ಲ ಪಾಟಿ, ಪುಸ್ತಕ ಹಿಡಿದು ಓದಲು ಕೂತಿದ್ದೆವು. ಒಬ್ಬ ಅಕ್ಕ ತಡವಾಗಿ ಬಂದಳು. ಮುಖದ ತುಂಬ ಗಾಬರಿ.

“ನಮ್ಮ ಹಿತ್ತಲದಾಗ ಏನೋ ಎದ್ದೈತ್ರಿ” ಅಂದಳು. “ಹೋದ ವಾರ ಏನೂ ಇರಲಿಲ್ಲ. ಈಗ ನೋಡಿದರ ಬುಟ್ಟಿಯಷ್ಟು ಆಗೇತಿ. ಎಲಿ ಇಲ್ಲ, ಟೊಂಗಿ ಇಲ್ಲ. ಬರೇ ಹೂವು. ಸತ್ತ ಇಲಿ ವಾಸನಿ ಹೊಡಿಯಾಕತ್ತೈತಿ.”

ಒಬ್ಬಾಕಿ, “ಯಾರೋ ಮಾಟ ಮಾಡಿ ಹುಗಿದಾರ” ಅಂದಳು. ಇನ್ನೊಬ್ಬಾಕಿ, “ಸೀಮೆಎಣ್ಣಿ ಹಾಕಿ ಸುಟ್ಟುಬಿಡು” ಅಂದಳು. ಮೂಲೆಯಲ್ಲಿ ಕೂತಿದ್ದ ಆಯಿ ಮಾತ್ರ ನಕ್ಕಳು. “ನಿಮ್ಮ ಅತ್ತಿ ಅಲ್ಲಿ ಸುವರ್ಣಗಡ್ಡಿ ಹಚ್ಚಿದ್ದಳಲ್ಲೇ. ಮರತಿ ಏನು?”

ಓದು ಅಲ್ಲಿಗೇ ನಿಂತಿತು. ಬ್ಯಾಟರಿ ಹಿಡಿದುಕೊಂಡು ಎಲ್ಲರೂ ಹಿತ್ತಲಕ್ಕೆ ಹೋದೆವು.

ಆಯಿ ಹೇಳಿದ್ದು ಖರೆ ಇತ್ತು. ಮಾಟ ಅಲ್ಲ, ಮಂತ್ರ ಅಲ್ಲ. ಅದು ಸುವರ್ಣಗಡ್ಡಿಯ ಹೂವು. ಅತ್ತೆ ತೀರಿಕೊಂಡು ಕೆಲವು ವರ್ಷ ಆಗಿತ್ತು. ಅವರು ಹಚ್ಚಿದ ಗಡ್ಡಿಯನ್ನು ಯಾರೂ ಕಿತ್ತಿರಲಿಲ್ಲ. ವರ್ಷ ವರ್ಷ ನೆಲದೊಳಗೇ ದೊಡ್ಡದಾಗಿ, ಈಗ ಹೂ ಬಿಟ್ಟಿತ್ತು. ವರ್ಷಾ ಕಿತ್ತು ತಿನ್ನುವವರ ಹಿತ್ತಲದಲ್ಲಿ ಈ ಹೂ ಕಾಣುವುದು ಅಪರೂಪ. ಅದಕ್ಕೇ ನಮಗೆ ಗುರುತು ಸಿಗಲಿಲ್ಲ.

ಸುವರ್ಣಗಡ್ಡಿಯನ್ನು ಕೆಲವರು ಸೂರಣ ಅನ್ನುತ್ತಾರೆ. ಇದು ಕೆಸುವಿನ ಬಳಗದ ಗಿಡ. ಪಟ್ಟಣದ ಮನೆಗಳಲ್ಲಿ ಬಾಟಲಿಯಲ್ಲಿ ಬೆಳೆಸುವ ಮನಿ ಪ್ಲಾಂಟ್ ಕೂಡ ಇದೇ ಬಳಗದ್ದು. ಈ ಬಳಗದ ಹೂವಿನ ಗುರುತು ಒಂದೇ. ನಡುವೆ ಒಂದು ದಿಂಡು. ದಿಂಡಿನ ಮೇಲೆ ಸಣ್ಣ ಸಣ್ಣ ಹೂವುಗಳು. ಸುತ್ತಲೂ ಒಂದು ದೊಡ್ಡ ಹಾಳೆ. ನಾವು ಹೂವು ಅನ್ನುವುದು ಆ ಹಾಳೆಗೆ. ಮಳೆಯಲ್ಲಿ ತಲೆ ಮೇಲೆ ಗೊಪ್ಪಿ ಹಾಕಿಕೊಳ್ಳುತ್ತೇವಲ್ಲ, ಕೆಲವು ಗಿಡಗಳಲ್ಲಿ ಆ ಹಾಳೆ ಹಾಗೇ ಬಾಗಿರುತ್ತದೆ.

ಸಹ್ಯಾದ್ರಿ ಗುಡ್ಡದ ಕಾಡಿನಲ್ಲಿ ಇದರ ದಾಯಾದಿ ಗಿಡ ಒಂದಿದೆ. ಅದರ ಹೂವು ಥೇಟ್ ಹೆಡೆ ಎತ್ತಿದ ನಾಗರಹಾವು. ಮರಾಠಿಯವರು ಅದಕ್ಕೆ ಸಾಪಕಾಂದಾ ಅನ್ನುತ್ತಾರೆ. ಹಾವಿನ ಗಡ್ಡಿ ಎಂದೇ ಅರ್ಥ. ಮಹಾಬಳೇಶ್ವರದ ಕಡೆ ಮಳೆಗಾಲ ಸುರುವಾದ ಕೂಡಲೇ ಬಿಳಿ ಹೆಡೆಯ ಸಾಪಕಾಂದಾ ಏಳುತ್ತದೆ. ಹೊರದೇಶದವರು ಈ ಜಾತಿಯ ಗಡ್ಡಿಗಳನ್ನು ದುಡ್ಡು ಕೊಟ್ಟು ತಂದು, ಮರದ ನೆರಳಲ್ಲಿ ಚಂದಕ್ಕೆ ಬೆಳೆಸುತ್ತಾರೆ. ಸುಮಾತ್ರಾ ದ್ವೀಪದಲ್ಲಿ ನಮ್ಮ ಸುವರ್ಣಗಡ್ಡಿಯ ಇನ್ನೊಂದು ದಾಯಾದಿ ಇದೆ. ಅದರ ಹೂವು ಆಳಿಗಿಂತ ಎತ್ತರ. 1889ರಲ್ಲಿ ಅದು ಲಂಡನ್ನಿನ ಒಂದು ತೋಟದಲ್ಲಿ ಅರಳಿತ್ತು. ಅದರದೂ ಹೆಣದ ವಾಸನೆಯೇ.

ಹೂವು ಅಂದ ಮೇಲೆ ಘಮ ಘಮ ಅನ್ನಬೇಕಲ್ಲ? ಇದು ಯಾಕೆ ನಾರುತ್ತದೆ?

ಮಲ್ಲಿಗೆಯ ವಾಸನೆ ಒಂದು ಜಾತಿಯ ಹುಳುವಿಗೆ ಇಷ್ಟ. ಕೊಳೆತ ಮಾಂಸದ ವಾಸನೆ ಇನ್ನೊಂದು ಜಾತಿಗೆ ಇಷ್ಟ. ಸುವರ್ಣಗಡ್ಡಿಗೆ ಬೇಕಾದದ್ದು ಕೊಳೆತದ್ದನ್ನು ಹುಡುಕುವ ಹುಳುಗಳು. ಹೂವು ಅರಳಿದಾಗ ದಿಂಡು ಒಳಗಿಂದ ಬೆಚ್ಚಗಾಗುತ್ತದೆ. ಬಿಸಿಗೆ ವಾಸನೆ ದೂರ ಹರಡುತ್ತದೆ. ಹುಳು ಮೋಸ ಹೋಗಿ ಬಂದು ಒಳಗೆ ಬೀಳುತ್ತದೆ. ಮೊದಲು ಬುಡದ ಹೆಣ್ಣು ಹೂಗಳು ಸಿದ್ಧವಾಗಿರುತ್ತವೆ. ಆಮೇಲೆ ಮೇಲಿನ ಗಂಡು ಹೂಗಳು ಪರಾಗ ಉದುರಿಸುತ್ತವೆ. ಹುಳು ಆ ಪುಡಿಯನ್ನು ಮೈಗೆ ಮೆತ್ತಿಕೊಂಡು ಇನ್ನೊಂದು ಹೂವಿಗೆ ಹೋಗುತ್ತದೆ. ಎರಡು ಮೂರು ದಿನದಲ್ಲಿ ವಾಸನೆ ಹೋಗಿ, ಹೂವು ಬಾಡುತ್ತದೆ.

ಹಾವಿನ ಹೆಡೆಯ ಗಿಡದ ಕತೆ ಇನ್ನೂ ಮಜಾ ಇದೆ. ಗಡ್ಡಿ ಸಣ್ಣದಿದ್ದಾಗ ಅದು ಗಂಡು ಗಿಡ. ಗಡ್ಡಿ ದೊಡ್ಡದಾಗಿ ಕಸುವು ತುಂಬಿದ ಮೇಲೆ ಅದೇ ಗಿಡ ಹೆಣ್ಣಾಗುತ್ತದೆ. ಕಾಯಿ ಕಟ್ಟಿ ಸೊರಗಿದರೆ ಮುಂದಿನ ವರ್ಷ ಮತ್ತೆ ಗಂಡು! ಇದನ್ನು ಓದಿ ಹೇಳಿದಾಗ ಎಲ್ಲರೂ ನಕ್ಕರು. ಆಯಿ ನಗಲಿಲ್ಲ. “ಹೊಟ್ಟಿಯೊಳಗ ಹೊರಬೇಕಂದರ ಮೊದಲು ಮೈಯಾಗ ಕಸುವು ಬೇಕು. ಆ ಗಿಡಕ್ಕ ತಿಳದೈತಿ. ನನ್ನ ಹದಿನಾಲ್ಕಕ್ಕ ಬಸರಿ ಮಾಡಿದವರಿಗೆ ತಿಳದಿರಲಿಲ್ಲ” ಅಂದಳು.

ಈಗ ಮುಖ್ಯವಾದ ಮಾತು. ಈ ಬಳಗದ ಗಿಡ ಯಾವುದೇ ಇರಲಿ, ಹಸಿಯಾಗಿ ಬಾಯಿಗೆ ಹಾಕಬಾರದು. ಎಲೆ, ದಂಟು, ಗಡ್ಡಿ, ಹೂವು, ಹಣ್ಣು ಯಾವುದನ್ನೂ ಹಾಕಬಾರದು. ಇವುಗಳೊಳಗೆ ಕಣ್ಣಿಗೆ ಕಾಣದ ಸೂಜಿಗಳಿರುತ್ತವೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಉಪ್ಪಿನ ಸೂಜಿಗಳು ಅವು. ಅಗಿದ ಕೂಡಲೇ ನಾಲಗೆಗೆ, ಗಂಟಲಿಗೆ ಚುಚ್ಚುತ್ತವೆ. ಉರಿ, ತುರಿಕೆ, ಬಾವು ಬರುತ್ತವೆ. ಕೆಸುವಿನ ದಂಟು ಹೆಚ್ಚಿದಾಗ ಕೈ ಕಡಿಯುವುದು ಇದೇ ಕಾರಣಕ್ಕೆ.

ಮಕ್ಕಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಸುವರ್ಣಗಡ್ಡಿ ಕಾಯಿ ಕಟ್ಟಿದರೆ ದಿಂಡಿನ ತುಂಬ ಕೆಂಪು ಹಣ್ಣಾಗುತ್ತವೆ. ನೋಡಲು ಬಲು ಚಂದ. ಕೂಸು ಕಿತ್ತು ತಿಂದೀತು. ತಿಂದಿದ್ದು ಗೊತ್ತಾದರೆ ಬಾಯಿಯೊಳಗಿನದನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ತಣ್ಣೀರಿನಿಂದ ಬಾಯಿ ಮುಕ್ಕಳಿಸಿ. ನುಂಗಲು ಬರುತ್ತಿದ್ದರೆ ತಣ್ಣನೆಯ ಹಾಲು ಕುಡಿಸಿ. ವಾಂತಿ ಮಾಡಿಸಬೇಡಿ. ರಸ ಕಣ್ಣಿಗೆ ಸಿಡಿದರೆ ನೀರಿನಿಂದ ಬಹಳ ಹೊತ್ತು ತೊಳೆಯಿರಿ. ನಾಲಗೆ ಬಾತು ಜೊಲ್ಲು ಸುರಿದರೆ, ಉಸಿರಾಟಕ್ಕೆ ತ್ರಾಸಾದರೆ, ಮನೆಮದ್ದು ಮಾಡುತ್ತ ಕೂಡಬೇಡಿ. 108ಕ್ಕೆ ಫೋನ್ ಮಾಡಿ, ದವಾಖಾನೆಗೆ ಹೋಗಿ.

ಹಾಗಾದರೆ ನಮ್ಮ ಹಿರಿಯರು ಇದನ್ನು ತಿಂದದ್ದು ಹೇಗೆ? ಹುಣಸೆಹುಳಿಯ ಬಲದಿಂದ. ಮೊದಲು ಕೈಗೆ ಎಣ್ಣೆ ಸವರಿಕೊಳ್ಳಬೇಕು. ಸಿಪ್ಪೆಯನ್ನು ದಪ್ಪಗೆ ತೆಗೆದು ಹೋಳು ಮಾಡಬೇಕು. ಹುಣಸೆಹುಳಿ, ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ಆ ನೀರು ಚೆಲ್ಲಬೇಕು. ಆಮೇಲೆ ಪಲ್ಯ ಮಾಡಿರಿ, ಸಾರು ಮಾಡಿರಿ, ಎಣ್ಣೆಯಲ್ಲಿ ಹುರಿಯಿರಿ. ತುರಿಕೆ ಬಹುಮಟ್ಟಿಗೆ ಹೋಗಿರುತ್ತದೆ. ಮೂತ್ರಪಿಂಡದಲ್ಲಿ ಹರಳು ಇದ್ದವರು ಡಾಕ್ಟರನ್ನು ಕೇಳಿ ತಿನ್ನಬೇಕು.

ಕಾಡಿನಲ್ಲಿ ತಾನೇ ಬೆಳೆಯುವ ಸುವರ್ಣಗಡ್ಡಿಯೂ ಉಂಟು. ಅದರ ತುರಿಕೆ ಬಹಳ ಜೋರು. ನೋಡಲು ಅದರಂತೆಯೇ ಇರುವ ಬೇರೆ ಗಡ್ಡಿಗಳೂ ಇವೆ. ಕಾಡಂಚಿಗೆ ಕಟ್ಟಿಗೆಗೆ ಹೋದಾಗ ಗುರುತಿಲ್ಲದ ಗಡ್ಡಿ ಕಿತ್ತು ತಂದು ಅಡಿಗೆ ಮಾಡಬೇಡಿ. ಹೆಡೆಯ ಹೂವನ್ನು ನೋಡಿ ಖುಷಿಪಡಿ, ಅಲ್ಲೇ ಬಿಡಿ. ತಿನ್ನಲಿಕ್ಕೆ ಊರ ಗಡ್ಡಿ ಇದೆ. ಗಜೇಂದ್ರ ಎಂಬ ತಳಿಯಲ್ಲಿ ತುರಿಕೆ ಬಹಳ ಕಡಿಮೆ. ಆಂಧ್ರದಲ್ಲಿ ಆರಿಸಿದ ತಳಿ ಅದು. ಬೀಜದ ಗಡ್ಡಿ ಕೊಳ್ಳುವಾಗ ಅದನ್ನೇ ಕೇಳಿರಿ.

ಹಚ್ಚುವುದು ಕಷ್ಟವಲ್ಲ. ಯುಗಾದಿ ಕಳೆದ ಮೇಲೆ, ಮಳೆಗೆ ಮುಂಚೆ ಹಚ್ಚಬೇಕು. ಅರ್ಧ ಕಿಲೋದಿಂದ ಒಂದು ಕಿಲೋ ತೂಗುವ ಹೋಳು ಬೇಕು. ಪ್ರತಿ ಹೋಳಿಗೂ ಗಡ್ಡಿಯ ನಡುವಿನ ಮೊಳಕೆಯ ಒಂದು ಭಾಗ ಬರುವಂತೆ ಕೊಯ್ಯಿರಿ. ಹೋಳನ್ನು ಸೆಗಣಿ ರಾಡಿಯಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಮೂರು ಅಡಿಗೆ ಒಂದರಂತೆ ತೆಗ್ಗು ತೆಗೆದು, ತಿಪ್ಪೆಗೊಬ್ಬರ ತುಂಬಿ, ಮೊಳಕೆ ಮೇಲೆ ಮಾಡಿ ಹುಗಿಯಿರಿ. ಮೇಲೆ ಒಣ ಎಲೆ ಮುಚ್ಚಿ. ತೆಂಗಿನ ಗಿಡದ ಬುಡ, ನುಗ್ಗೆಯ ನೆರಳು ನಡೆಯುತ್ತದೆ. ಛತ್ರಿಯಂಥ ಒಂದು ದೊಡ್ಡ ಎಲೆ ಏಳುತ್ತದೆ. ಚುಕ್ಕೆ ಚುಕ್ಕೆಯ ಕಾಂಡ ಕಾಣುತ್ತದಲ್ಲ, ಅದು ಕಾಂಡ ಅಲ್ಲ, ಎಲೆಯ ತೊಟ್ಟು. ಎಂಟು ಒಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಬೀಳುತ್ತದೆ. ಆಗ ಕೀಳಬೇಕು. ಒಣ ಜಾಗದಲ್ಲಿ ಇಟ್ಟರೆ ಬಹಳ ದಿನ ಕೆಡುವುದಿಲ್ಲ. ಮಗ್ಗುಲಿಗೆ ಬಂದ ಸಣ್ಣ ಮರಿಗಳನ್ನೂ ಹಚ್ಚಬಹುದು. ಆದರೆ ಅವು ದೊಡ್ಡವಾಗಲು ಮೂರು ನಾಲ್ಕು ವರ್ಷ ಬೇಕು.

ಕಲಘಟಗಿ ಕಡೆಯ ಮಸಾರಿ ನೆಲಕ್ಕೆ ಇಷ್ಟು ಸಾಕು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ನೆಲದಲ್ಲಿ ಮಾತ್ರ ನೀರು ನಿಂತು ಗಡ್ಡಿ ಕೊಳೆಯುತ್ತದೆ. ಅಲ್ಲಿಯವರು ತೆಗ್ಗು ತೆಗೆಯಬಾರದು. ಮಣ್ಣು, ಗೊಬ್ಬರ, ಸ್ವಲ್ಪ ಉಸುಕು ಕೂಡಿಸಿ ಮೊಣಕಾಲೆತ್ತರ ದಿಬ್ಬ ಮಾಡಿ, ಅದರಲ್ಲಿ ಹಚ್ಚಬೇಕು. ಬಚ್ಚಲ ನೀರು ಹರಿದು ಹೋಗಲಿ, ಬುಡದಲ್ಲಿ ನಿಲ್ಲುವುದು ಬೇಡ.

ನಮ್ಮ ಅಕ್ಕ ಹೂವನ್ನು ಸುಡಲಿಲ್ಲ. ಹೂವು ಬಾಡಿತು, ಆಮೇಲೆ ಛತ್ರಿ ಎಲೆ ಎದ್ದಿತು. ಓಣಿಯ ಮಕ್ಕಳೆಲ್ಲ ನೋಡಲು ಬರತೊಡಗಿದರು. ಆಕೆಗೆ ಚಿಂತೆ ಹತ್ತಿತು. ಒಂದು ಹಳೆಯ ಹಲಗೆ ತಂದಳು. ಸುಣ್ಣದಲ್ಲಿ ದೊಡ್ಡದಾಗಿ ಬರೆದಳು: “ಮುಟಬೇಡಿ”. ನಾವು ನೋಡಿ, “ಟ ಕ್ಕೆ ಒತ್ತು ಎಲ್ಲಿ?” ಅಂದೆವು. ಆಕೆ ನಾಲಗೆ ಕಚ್ಚಿಕೊಂಡು ಒತ್ತು ಸೇರಿಸಿದಳು. ಕೆಳಗೆ ಇನ್ನೊಂದು ಸಾಲು ತಾನೇ ಬರೆದಳು: “ನಮ್ಮ ಅತ್ತಿ ಹಚ್ಚಿದ್ದು.”

ಎಲೆ ಬಿದ್ದ ಮೇಲೆ ಗಡ್ಡಿ ಕಿತ್ತೆವು. ಇಬ್ಬರು ಹಿಡಿದು ಎತ್ತಬೇಕಾಯಿತು. ಅರ್ಧ ಆಕೆಯ ಅಡಿಗೆಮನೆಗೆ ಹೋಯಿತು. ಉಳಿದದ್ದನ್ನು ಯುಗಾದಿಯ ತನಕ ಇಟ್ಟು, ಹೋಳು ಮಾಡಿ ಹಂಚಿಕೊಂಡೆವು. ಆಯಿ ಒಂದು ಹೋಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನವಲಗುಂದದ ಮಗಳ ಮನೆಗೆ ಒಯ್ದಳು.