ಅಸ್ಥಿಪಂಜರದಿಂದ ವ್ಯಕ್ತಿಯ ಗುರುತು

ಹೂತ ದೇಹದ ಮಾಂಸವು ಕರಗಿದರೂ ಎಲುಬು ಬಹುಕಾಲ ಉಳಿಯುತ್ತದೆ. ಆ ಎಲುಬು ಯಾರದು? ನ್ಯಾಯಸ್ಥಾನಕ್ಕೂ ಇತಿಹಾಸಕಾರನಿಗೂ ಈ ಪ್ರಶ್ನೆ ಸಮಾನವಾದುದು. ತಪ್ಪು ಹೆಸರನ್ನು ಕೊಟ್ಟರೆ ಸತ್ತವರಿಗೂ ಬದುಕಿರುವವರಿಗೂ ಅನ್ಯಾಯವಾದೀತು. ಶಾಸ್ತ್ರಜ್ಞರು ಈ ನಿರ್ಣಯಕ್ಕೆ ಬರುವ ಕ್ರಮವನ್ನು ಇಂಗ್ಲೆಂಡಿನ ಮೂರನೆಯ ರಿಚರ್ಡ್ ದೊರೆಯ ಉದಾಹರಣೆಯಿಂದ ನೋಡೋಣ.

ಈ ದೊರೆಯು ೧೪೮೫ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ತನ್ನ ೩೨ನೆಯ ವಯಸ್ಸಿನಲ್ಲಿ ಮಡಿದನು. ಅವನನ್ನು ಲೆಸ್ಟರ್ ನಗರದ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠದಲ್ಲಿ ಹೂಳಿದರು. ಕಾಲಾಂತರದಲ್ಲಿ ಮಠವು ಅಳಿದು, ಆ ನೆಲವು ವಾಹನಗಳನ್ನು ನಿಲ್ಲಿಸುವ ಅಂಗಳವಾಯಿತು. ೨೦೧೨ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಅಲ್ಲಿ ಅಗೆದಾಗ ಪಾದಗಳಿಲ್ಲದ ಒಂದು ಅಸ್ಥಿಪಂಜರವು ಸಿಕ್ಕಿತು.

ಮೊದಲು ಲಿಂಗನಿರ್ಣಯ. ಹೆರಿಗೆಗೆ ಅನುಕೂಲವಾಗುವಂತೆ ಹೆಂಗಸಿನ ಸೊಂಟದ ಎಲುಬಿನ ಕುಹರವು ಸಾಮಾನ್ಯವಾಗಿ ಅಗಲವಾಗಿರುತ್ತದೆ, ಗಂಡಸಿನದು ಇಕ್ಕಟ್ಟು. ಇಲ್ಲಿ ಎಲುಬುಗಳು ನಾಜೂಕಾಗಿದ್ದರೂ ಪುರುಷನವೇ ಎಂದು ಕಂಡುಬಂತು. ಎರಡನೆಯದು ವಯಸ್ಸು. ಬೆಳೆಯುವ ಪ್ರಾಯದಲ್ಲಿ ಬಿಡಿಯಾಗಿರುವ ಎಲುಬಿನ ತುದಿಗಳು ಕ್ರಮೇಣ ಕೂಡಿಕೊಳ್ಳುತ್ತವೆ. ಆಮೇಲೆ ಸೊಂಟದ ಸಂಧಿಗಳ ಸವೆತವೇ ವಯಸ್ಸಿನ ಸೂಚಕ. ಈತನು ಮೂವತ್ತರ ಆಸುಪಾಸಿನವನೆಂದು ತಿಳಿಯಿತು. ಮೂರನೆಯದು ವ್ಯಕ್ತಿವಿಶೇಷ. ಬೆನ್ನುಹುರಿಯ ಕಂಬವು ಪಕ್ಕಕ್ಕೆ ಬಾಗಿತ್ತು. ಇದರಿಂದ ಒಂದು ಭುಜವು ಮೇಲೇರಬಹುದು. ಷೇಕ್ಸ್‌ಪಿಯರನ ನಾಟಕದಲ್ಲಿರುವಂತೆ ಗೂನು ಮೂಡುವುದಿಲ್ಲ. ತಲೆಬುರುಡೆಯೊಂದರಲ್ಲೇ ಒಂಬತ್ತು ಗಾಯಗಳಿದ್ದು, ಅವುಗಳ ಅಂಚಿನಲ್ಲಿ ಮಾಯ್ದ ಗುರುತು ಇರಲಿಲ್ಲ. ಎಂದರೆ ಅವು ಮರಣಕಾಲದ ಗಾಯಗಳು.

ಕಾಲನಿರ್ಣಯಕ್ಕೆ ಇಂಗಾಲದ ಪರೀಕ್ಷೆ ನಡೆಯಿತು. ಸಮುದ್ರದ ಮೀನನ್ನು ಹೆಚ್ಚಾಗಿ ತಿಂದವರ ಎಲುಬು ಈ ಪರೀಕ್ಷೆಯಲ್ಲಿ ನಿಜಕ್ಕಿಂತ ಹಳೆಯದಾಗಿ ತೋರುತ್ತದೆ. ಅದನ್ನು ಸರಿಪಡಿಸಿ ಎಣಿಸಿದಾಗ ೧೪೮೫ನೆಯ ಇಸವಿಯು ಹೊಂದಿಕೆಯಾಯಿತು.

ಇಷ್ಟಾದರೂ ಇವೆಲ್ಲ ‘ಇಂಥವನೊಬ್ಬ’ ಎನ್ನುತ್ತವೆಯೇ ಹೊರತು ‘ಇವನೇ’ ಎನ್ನುವುದಿಲ್ಲ. ಹೆಸರು ಬೇಕಾದರೆ ಗೊತ್ತಿರುವ ಇನ್ನೊಂದರೊಡನೆ ಹೋಲಿಸಬೇಕು. ಜೀವಕೋಶದ ಮೈಟೋಕಾಂಡ್ರಿಯದಲ್ಲಿರುವ ಡಿ.ಎನ್.ಎ. ತಾಯಿಯಿಂದಲೇ ಮಕ್ಕಳಿಗೆ ಬರುತ್ತದೆ. ರಿಚರ್ಡನ ಅಕ್ಕ ಆನ್ ಎಂಬವಳ ಹೆಣ್ಣುಸಂತತಿಯಲ್ಲಿ ಆಗ ಬದುಕಿದ್ದ ಇಬ್ಬರನ್ನು ಪರೀಕ್ಷಿಸಿದರು. ಒಬ್ಬರದು ಪೂರ್ಣವಾಗಿ ಹೊಂದಿತು. ಇನ್ನೊಬ್ಬರದರಲ್ಲಿ ಒಂದೇ ಒಂದು ವ್ಯತ್ಯಾಸ.

ಆದರೆ ಗಂಡುಸಂತತಿಯವರ ವೈ ವರ್ಣತಂತು ಹೊಂದಲಿಲ್ಲ. ವಂಶವೃಕ್ಷದಲ್ಲಿ ತಂದೆಯೆಂದು ಬರೆದವನು ಎಲ್ಲೋ ಒಂದು ತಲೆಮಾರಿನಲ್ಲಿ ನಿಜವಾದ ತಂದೆಯಾಗಿರಲಿಲ್ಲ ಎಂಬುದೇ ಇದರರ್ಥ. ಸಂಶೋಧಕರು ಈ ಪ್ರತಿಕೂಲ ಫಲವನ್ನು ಮುಚ್ಚಿಡದೆ, ಎಲ್ಲ ಸಾಕ್ಷ್ಯಗಳೊಡನೆ ಕೂಡಿಸಿ ತೂಗಿದರು. ಆಗಲೂ ಸಂಭಾವ್ಯತೆಯು ನೂರಕ್ಕೆ ೯೯.೯೯೯ರಷ್ಟಾಯಿತು. ಇದನ್ನು ೨೦೧೪ರಲ್ಲಿ ಪ್ರಕಟಿಸಿದರು. ೨೦೧೫ರಲ್ಲಿ ದೊರೆಯ ಅಸ್ಥಿಗಳನ್ನು ಲೆಸ್ಟರಿನ ಪ್ರಧಾನ ಇಗರ್ಜಿಯಲ್ಲಿ ಮರ್ಯಾದೆಯಿಂದ ಹೂಳಲಾಯಿತು.

ಶಾಸನ, ವಂಶಾವಳಿ, ಐತಿಹ್ಯಗಳನ್ನು ಕೆದಕುವ ಉಪಾಧ್ಯಾಯ ಬಂಧುಗಳಾದ ನಮಗೂ ಇದರಲ್ಲಿ ಪಾಠವಿದೆ. ಒಂದೇ ಗುರುತನ್ನು ನೆಚ್ಚಿ ಹೆಸರಿಡಬಾರದು. ಒಪ್ಪದ ಸಾಕ್ಷ್ಯವನ್ನು ಬದಿಗೊತ್ತಲೂ ಬಾರದು. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರ್ಪಡಿಸುವುದನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಿದೆವಾದರೆ, ವಿಜ್ಞಾನದ ಅರ್ಧವನ್ನು ಕಲಿಸಿದಂತೆಯೇ ಸರಿ.