ಹೊಸ ಲ್ಯಾಪ್‌ಟಾಪ್‌ನ ಬ್ಯಾಟರಿ: ಕಾಳಜಿ ಇರಲಿ, ಆತಂಕ ಬೇಡ

ಟ್ರಸ್ಟ್‌ನ ನೆರವಿನಿಂದ ಲ್ಯಾಪ್‌ಟಾಪ್ ಪಡೆದ ವಿದ್ಯಾರ್ಥಿಗಳು ನವೀಕರಣದ ಸಂದರ್ಶನಕ್ಕೆ ಬಂದಾಗ, ಅಂಕಪಟ್ಟಿಯ ಜೊತೆ ಒಂದು ಅಳುಕನ್ನೂ ಹೊತ್ತು ತರುತ್ತಾರೆ. "ಸರ್, ಮೊದಲು ಐದು ಗಂಟೆ ಬರುತ್ತಿತ್ತು, ಈಗ ನಾಲ್ಕೂವರೆ ಗಂಟೆಗೇ ಮುಗಿಯುತ್ತದೆ. ನನ್ನಿಂದ ಏನಾದರೂ ತಪ್ಪಾಯಿತೇ?" ದಾನಿಗಳು ಕೊಟ್ಟದ್ದು ಅಮಾನತ್ತು, ಅದು ಕೆಡಬಾರದು ಎಂಬ ಭಾವನೆ ಒಳ್ಳೆಯದೇ. ಆದರೆ ಆ ಭಯದಲ್ಲಿ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಮೊಬೈಲ್‌ನಲ್ಲೇ ಕಣ್ಣು ಕಿರಿದು ಮಾಡಿಕೊಂಡು ಓದಿದರೆ ಕೊಟ್ಟ ಉದ್ದೇಶವೇ ಈಡೇರುವುದಿಲ್ಲ. ಆದ್ದರಿಂದ ಈ ವರ್ಷದ ಫಲಾನುಭವಿಗಳಿಗೂ ಅವರ ಪೋಷಕರಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಬ್ಯಾಟರಿ ಸವೆಯುವುದು ಸಹಜ

ಇಂದಿನ ಲ್ಯಾಪ್‌ಟಾಪ್‌ಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಬೆಳವಣಿಗೆಗೆ ದುಡಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಬ್ಯಾಟರಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಪ್ರತಿ ಓಡಾಟದಲ್ಲೂ ಅತಿ ಸಣ್ಣ ಪ್ರಮಾಣದ ಲಿಥಿಯಂ ಒಳಗೇ ಸಿಕ್ಕಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಚಪ್ಪಲಿ ನಡೆದಂತೆ ಸವೆಯುವ ಹಾಗೆ ಇದೂ ಸವೆಯುತ್ತದೆ. ಸುಮ್ಮನೆ ಇಟ್ಟರೂ ನಿಧಾನವಾಗಿ ಹಳತಾಗುತ್ತದೆ. ಹಾಗಾಗಿ ಬೀರುವಿನಲ್ಲಿಟ್ಟು ಅದನ್ನು ಹೊಸದಾಗಿಯೇ ಉಳಿಸಿಕೊಳ್ಳುವುದು ಸಾಧ್ಯವಿಲ್ಲ.

ಎಷ್ಟು ದಿನ ಬಾಳುತ್ತದೆ ಎಂಬುದನ್ನು 'ಸೈಕಲ್' ಲೆಕ್ಕದಲ್ಲಿ ಹೇಳುತ್ತಾರೆ. ಒಟ್ಟು ಶೇ. 100ರಷ್ಟು ಬಳಕೆಯಾದರೆ ಒಂದು ಸೈಕಲ್. ಇಂದು ಅರ್ಧ, ನಾಳೆ ಅರ್ಧ ಬಳಸಿದರೆ ಎರಡು ದಿನ ಸೇರಿ ಒಂದು ಸೈಕಲ್ ಆಗುತ್ತದೆಯೇ ಹೊರತು ಪ್ಲಗ್ ಹಾಕಿದಷ್ಟು ಸಲವೂ ಒಂದೊಂದಲ್ಲ. ಅನೇಕ ಸಾಮಾನ್ಯ ಲ್ಯಾಪ್‌ಟಾಪ್‌ಗಳ ಬ್ಯಾಟರಿ 300ರಿಂದ 500 ಸೈಕಲ್‌ಗಳ ನಂತರವೂ ಮೂಲ ಸಾಮರ್ಥ್ಯದ ಸುಮಾರು ಶೇ. 80ನ್ನು ಉಳಿಸಿಕೊಳ್ಳುವಂತೆ ತಯಾರಾಗಿರುತ್ತದೆ. ದಿನಕ್ಕೆ ಅರ್ಧ ಬ್ಯಾಟರಿ ಬಳಸುವ ವಿದ್ಯಾರ್ಥಿಗೆ 500 ಸೈಕಲ್ ಮುಗಿಯಲು 1,000 ದಿನ ಬೇಕು. ಅಂದರೆ ಹತ್ತಿರ ಹತ್ತಿರ ಮೂರು ವರ್ಷದ ಪದವಿ ಮುಗಿಯುತ್ತದೆ. ಆಗಲೂ ಬ್ಯಾಟರಿ ಸತ್ತಿರುವುದಿಲ್ಲ. ಐದು ಗಂಟೆ ಬರುತ್ತಿದ್ದದ್ದು ನಾಲ್ಕು ಗಂಟೆ ಬರುತ್ತದೆ, ಅಷ್ಟೇ.

ಕೇಳಿಬರುವ ಮಾತುಗಳು

'ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಲೇಬೇಕು', 'ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್‌ಗೆ ಹಾಕಬೇಕು' ಎಂದು ಅಂಗಡಿಯಲ್ಲೂ ಮನೆಯಲ್ಲೂ ಹೇಳುವುದುಂಟು. ಇವು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತುಗಳು. ಲಿಥಿಯಂ ಬ್ಯಾಟರಿಗೆ ಅನ್ವಯಿಸುವುದಿಲ್ಲ. ಪದೇ ಪದೇ ಸೊನ್ನೆಗೆ ಇಳಿಸುವುದೇ ಇದಕ್ಕೆ ಹೆಚ್ಚು ಸವೆತ. ಶೇ. 20ರ ಹತ್ತಿರ ಬಂದಾಗ ಪ್ಲಗ್ ಹಾಕಿದರೆ ಸಾಕು. ಎಂದಾದರೂ ಒಮ್ಮೆ ಖಾಲಿಯಾಗಿ ಆಫ್ ಆದರೆ ಗಾಬರಿಪಡಬೇಕಿಲ್ಲ.

'ರಾತ್ರಿಯಿಡೀ ಚಾರ್ಜ್‌ಗಿಟ್ಟರೆ ತುಂಬಿ ಸಿಡಿಯುತ್ತದೆ' ಎಂಬುದೂ ಸರಿಯಲ್ಲ. ಬ್ಯಾಟರಿ ತುಂಬಿದ ಮೇಲೆ ಒಳಗಿನ ನಿಯಂತ್ರಣ ವ್ಯವಸ್ಥೆ ಚಾರ್ಜ್ ನಿಲ್ಲಿಸುತ್ತದೆ. ಆದರೆ ಸದಾ ಶೇ. 100ರಲ್ಲೇ, ಅದರಲ್ಲೂ ಬಿಸಿಯಲ್ಲಿ ಇದ್ದರೆ ಬ್ಯಾಟರಿ ಬೇಗ ಹಳತಾಗುತ್ತದೆ. ಅದಕ್ಕಾಗಿಯೇ ಅನೇಕ ಕಂಪನಿಗಳು ಚಾರ್ಜನ್ನು ಶೇ. 80ರ ಆಸುಪಾಸಿನಲ್ಲಿ ನಿಲ್ಲಿಸುವ ಸೌಲಭ್ಯ ಕೊಟ್ಟಿವೆ. ಲೆನೊವೊದಲ್ಲಿ ಇದಕ್ಕೆ ಕನ್ಸರ್ವೇಶನ್ ಮೋಡ್ ಎಂದೂ, ಏಸುಸ್‌ನಲ್ಲಿ ಬ್ಯಾಟರಿ ಹೆಲ್ತ್ ಚಾರ್ಜಿಂಗ್ ಎಂದೂ, ಎಚ್‌ಪಿಯಲ್ಲಿ ಬ್ಯಾಟರಿ ಹೆಲ್ತ್ ಮ್ಯಾನೇಜರ್ ಎಂದೂ ಹೆಸರು. ಹಾಸ್ಟೆಲ್ ಅಥವಾ ಮನೆಯಲ್ಲಿ ಹೆಚ್ಚು ಹೊತ್ತು ಪ್ಲಗ್ ಹಾಕಿಯೇ ಕೆಲಸ ಮಾಡುವವರು ಇದನ್ನು ಒಮ್ಮೆ ಆನ್ ಮಾಡಿ ಮರೆತುಬಿಡಬಹುದು. ವಿದ್ಯುತ್ ಪದೇ ಪದೇ ಹೋಗುವ ಊರಿನವರಿಗೆ ಈ ಮಿತಿ ಹೊಂದದಿರಬಹುದು. ಅವರು ಪೂರ್ತಿ ಚಾರ್ಜ್ ಮಾಡಿಕೊಳ್ಳಲಿ. ಪರೀಕ್ಷೆ, ಪ್ರಾಜೆಕ್ಟ್, ಪ್ರಯಾಣದ ಹಿಂದಿನ ದಿನವಂತೂ ಯಾರೇ ಆಗಲಿ ಶೇ. 100 ತುಂಬಿಸಿಕೊಳ್ಳುವುದೇ ಸರಿ. ಬ್ಯಾಟರಿಗಿಂತ ನಿಮ್ಮ ಕೆಲಸ ಮುಖ್ಯ.

ನಿಜವಾಗಿ ಗಮನ ಕೊಡಬೇಕಾದದ್ದು ಬಿಸಿಗೆ

ಒಂದೇ ಒಂದು ವಿಷಯಕ್ಕೆ ಎಚ್ಚರ ವಹಿಸುವುದಾದರೆ ಅದು ಬಿಸಿ. ಸುತ್ತಲಿನ ಉಷ್ಣಾಂಶ 35 ಡಿಗ್ರಿ ಮೀರದಂತೆ ಬಳಸಿ ಎಂದು ಹಲವು ತಯಾರಕರು ಹೇಳುತ್ತಾರೆ. ನಮ್ಮ ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಅದು 40 ದಾಟುತ್ತದೆ. ಶೀಟಿನ ಮಾಡಿನ ಕೋಣೆಯಲ್ಲಿ ಹೇಳುವುದೇ ಬೇಡ. ಮಧ್ಯಾಹ್ನದ ಬಿರುಬಿಸಿಲಿನ ಹೊತ್ತಿನಲ್ಲಿ ಚಾರ್ಜ್ ಮಾಡುವ ಬದಲು ಬೆಳಿಗ್ಗೆ ಅಥವಾ ರಾತ್ರಿ ಮಾಡಿ, ಫ್ಯಾನ್ ಗಾಳಿ ಇರುವಲ್ಲಿ ಕುಳಿತುಕೊಳ್ಳಿ. ಹಾಸಿಗೆ, ದಿಂಬು, ರಜಾಯಿಯ ಮೇಲೆ ಇಟ್ಟರೆ ಅಡಿಯ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಮೇಜು ಇಲ್ಲದಿದ್ದರೆ ಒಂದು ಮಣೆಯಾದರೂ ಸಾಕು. ಬಿಸಿಲಲ್ಲಿ ನಿಂತ ಕಾರಿನಲ್ಲಾಗಲಿ, ಸ್ಕೂಟರಿನ ಡಿಕ್ಕಿಯಲ್ಲಾಗಲಿ ಬಿಟ್ಟುಹೋಗಬೇಡಿ. ದೂರದ ಪ್ರಯಾಣಕ್ಕೆ ಬ್ಯಾಗಿಗೆ ಹಾಕುವ ಮುನ್ನ ಸ್ಲೀಪ್‌ನಲ್ಲಿ ಬಿಡದೆ ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಕೆಲವೊಮ್ಮೆ ಅದು ಬ್ಯಾಗಿನೊಳಗೇ ಎಚ್ಚರಗೊಂಡು ಕಾಯುತ್ತದೆ.

ಇನ್ನು ಕೆಲವು ಸಣ್ಣ ಅಭ್ಯಾಸಗಳು:

• ಲ್ಯಾಪ್‌ಟಾಪ್‌ನೊಂದಿಗೆ ಬಂದ ಚಾರ್ಜರನ್ನೇ ಬಳಸಿ. ಹಾಳಾದರೆ ಅದೇ ಕಂಪನಿಯದು, ಅಷ್ಟೇ ವ್ಯಾಟಿನದು ಕೊಳ್ಳಿ.
• ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ ತೆಗೆದು ಬ್ಯಾಟರಿಯಲ್ಲೇ ಕೆಲಸ ಮಾಡಿ.
• ದೀರ್ಘ ರಜೆಯಲ್ಲಿ ಬಳಸದೆ ಇಡುವುದಾದರೆ ಅರ್ಧದಷ್ಟು ಚಾರ್ಜ್ ಇಟ್ಟು ಆಫ್ ಮಾಡಿ. ಎರಡು ತಿಂಗಳಿಗೊಮ್ಮೆ ನೋಡಿ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿರಬಾರದು.
• ಪರದೆಯ ಬೆಳಕು ತಗ್ಗಿಸಿದರೆ ಅದೇ ಚಾರ್ಜ್ ಹೆಚ್ಚು ಹೊತ್ತು ಬರುತ್ತದೆ.

ತಡಮಾಡದೆ ತೋರಿಸಬೇಕಾದ ಲಕ್ಷಣ

ಲ್ಯಾಪ್‌ಟಾಪ್‌ನ ಅಡಿಭಾಗ ಉಬ್ಬಿದರೆ, ಟಚ್‌ಪ್ಯಾಡ್ ಮೇಲೆದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಕೂಡಲೇ ಪ್ಲಗ್ ತೆಗೆದು ಆಫ್ ಮಾಡಿ, ಒತ್ತುವುದು ಚುಚ್ಚುವುದು ಮಾಡದೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಹಳೆಯ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕದೆ ಅಲ್ಲಿಯೇ ಕೊಟ್ಟು ಬನ್ನಿ. ಬ್ಯಾಟರಿ ತ್ಯಾಜ್ಯ ನಿರ್ವಹಣೆಗೆಂದೇ ದೇಶದಲ್ಲಿ 2022ರ ನಿಯಮಗಳಿವೆ.

ಪೋಷಕರಿಗೂ ವಿದ್ಯಾರ್ಥಿಗಳಿಗೂ ಒಂದು ಮಾತು

ಲ್ಯಾಪ್‌ಟಾಪ್‌ನ ಬಿಲ್ಲು ಮತ್ತು ವಾರಂಟಿ ಕಾರ್ಡನ್ನು ಅಂಕಪಟ್ಟಿಯ ಫೈಲಿನಲ್ಲೇ ಇಡಿ. ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ 1 ವರ್ಷ. ಅದು ಮುಗಿಯುವ ಮುನ್ನ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿ. ಹೇಗೆಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೇಳಿದರೆ ತೋರಿಸುತ್ತಾರೆ. ಅದರಲ್ಲಿ ಮೂಲ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಇರುತ್ತವೆ. ಮೊದಲ ವರ್ಷದಲ್ಲೇ ಅರ್ಧಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಬ್ಯಾಟರಿಯ ದೋಷ, ಕಂಪನಿಯನ್ನು ಕೇಳಬೇಕು. ವರ್ಷಕ್ಕೆ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದರೆ ಅದು ನೀವು ಓದಿದ ಗುರುತು.

ಬ್ಯಾಟರಿ ಸವೆದಿದೆ ಎಂಬ ಕಾರಣಕ್ಕೆ ಯಾರ ವಿದ್ಯಾರ್ಥಿವೇತನದ ನವೀಕರಣವೂ ನಿಲ್ಲುವುದಿಲ್ಲ. ಸಂದರ್ಶನದಲ್ಲಿ ಸಮಿತಿ ಕೇಳುವುದು ನಿಮ್ಮ ಹಾಜರಿ ಮತ್ತು ಅಂಕಗಳನ್ನು. ತೊಂದರೆ ಕಂಡರೆ ಮುಚ್ಚಿಡದೆ ಕಚೇರಿಗೆ ತಿಳಿಸಿ. ಬ್ಯಾಟರಿಯನ್ನು ಬದಲಾಯಿಸಬಹುದು, ಹೆದರಿ ಕಳೆದ ಓದಿನ ವರ್ಷವನ್ನು ಮರಳಿ ತರಲಾಗದು. ಲ್ಯಾಪ್‌ಟಾಪ್ ತೆರೆಯಿರಿ, ಓದಿರಿ.