ಬ್ಯಾಟರಿಗೆ ಬಯಲೇ ಲೇಸು

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳು ಕಲ್ಲಿದ್ದಲು ಸುಟ್ಟು ರಾತ್ರಿಯೂ ಕರೆಂಟು ಕೊಡಬಲ್ಲವು. ಬಿಸಿಲನ್ನು ಹಾಗೆ ನಂಬಲಾಗದು. ದೀಪ ಹಚ್ಚುವ ಹೊತ್ತಿಗೆ ಸೋಲಾರ್ ಹಲಗೆಗಳು ಸುಮ್ಮನಾಗಿರುತ್ತವೆ. ಹಗಲಿನ ಕರೆಂಟನ್ನು ಸಂಜೆಗೆ ಕೂಡಿಡಲು ಈಗ ಎಲ್ಲೆಡೆ ಲಿಥಿಯಂ ಬ್ಯಾಟರಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಾರೆ. ಇಂಡಿ, ಸಿಂದಗಿಯ ಬಯಲಿಗೂ ಇಂದಲ್ಲ ನಾಳೆ ಅವು ಬಂದಾವು. ಅವಕ್ಕೆ ಬೆಂಕಿ ಹತ್ತುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಹಾಗೆಂದು ಬ್ಯಾಟರಿಯೇ ಬೇಡ ಎನ್ನಬೇಕಿಲ್ಲ; ಅದನ್ನು ನಾಲ್ಕು ಗೋಡೆಯೊಳಗೆ ಕೂಡಿಹಾಕುವುದು ಬೇಡ ಎಂದರೆ ಸಾಕು.

ಒಂದು ಸೆಲ್ಲಿನ ಒಳಗೆ (ಮನೆಯಲ್ಲಿ ಸೀಳಿ ನೋಡಬೇಡಿ) ತಾಮ್ರ, ಅಲ್ಯೂಮಿನಿಯಂ ಹಾಳೆಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆಯಿದೆ. ಪೆಟ್ಟು ಬಿದ್ದೋ, ಮಿತಿಮೀರಿ ಚಾರ್ಜ್ ಆಗಿಯೋ ಕಾವು 130 ಡಿಗ್ರಿಯ ಆಸುಪಾಸಿಗೆ ಏರಿದರೆ ಆ ಪೊರೆ ಕರಗಿ ಒಳಗೇ ಶಾರ್ಟ್ ಆಗುತ್ತದೆ. ನಿಕ್ಕೆಲ್ ಬಗೆಯ ಸೆಲ್ಲುಗಳಲ್ಲಿ ಬಿಸಿಯೇರಿದ ಆಕ್ಸೈಡು ತಾನೇ ಆಮ್ಲಜನಕ ಬಿಡುತ್ತದೆ, ಒಲೆಯೊಳಗೇ ಊದುಗೊಳವೆ ಇಟ್ಟಂತೆ. ಹೀಗಾಗಿ ಹೊರಗಾಳಿ ತಡೆದು ಜ್ವಾಲೆ ಆರಿಸಿದರೂ ಒಳಗಿನ ಕುದಿ ನಿಲ್ಲದು. ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತಲೇ ಇರುತ್ತವೆ. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಆದದ್ದು ಇದೇ. ಬ್ಯಾಟರಿಗಳಿದ್ದ ಮುಚ್ಚಿದ ಕೋಣೆಯಲ್ಲಿ ಬೆಂಕಿ ಆರಿಸುವ ಅನಿಲ ತಾನಾಗಿ ಹರಿದಿತ್ತು. ಸುಮಾರು ಮೂರು ತಾಸಿನ ಬಳಿಕ ಅಗ್ನಿಶಾಮಕ ಸಿಬ್ಬಂದಿ ಬಾಗಿಲು ತೆರೆದರು. ಸೆಲ್ಲುಗಳಿಂದ ಹೊರಬಂದು ಒಳಗೆ ತುಂಬಿದ್ದ ಅನಿಲ ಸಿಡಿದು ನಾಲ್ವರು ತೀವ್ರವಾಗಿ ಗಾಯಗೊಂಡರು.

ಎರಡು ದೊಡ್ಡ ಬೆಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಮಾತು ಇನ್ನೂ ಸ್ಪಷ್ಟ. 2021ರ ಜುಲೈನಲ್ಲಿ ಆಸ್ಟ್ರೇಲಿಯಾದ ಜೀಲಾಂಗ್ ಬಳಿ ಬಯಲಲ್ಲಿ ಬಿಡಿಬಿಡಿಯಾಗಿ ನಿಂತಿದ್ದ 200ಕ್ಕೂ ಹೆಚ್ಚು ಬ್ಯಾಟರಿ ಪೆಟ್ಟಿಗೆಗಳಲ್ಲಿ ಸುಟ್ಟದ್ದು ಎರಡು. ಅವನ್ನು ಉರಿಯಲು ಬಿಟ್ಟು, ನೆರೆಯ ಪೆಟ್ಟಿಗೆಗಳಿಗೆ ನೀರು ಹೊಡೆದು ತಂಪು ಮಾಡಿದರು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಬ್ಯಾಟರಿಗಳಿದ್ದದ್ದು ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದೊಳಗೆ. ಅರ್ಧಕ್ಕೂ ಹೆಚ್ಚು ಸುಟ್ಟವು, ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು.

ಫಾಸ್ಫೇಟ್ ಬಗೆಯ ಹೊಸ ಸೆಲ್ಲುಗಳು ಬಂದಿರುವಾಗ ಇಷ್ಟೇಕೆ ಹೆದರಿಕೆ ಎನ್ನುವವರಿದ್ದಾರೆ. ಫಾಸ್ಫೇಟ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ, ಬೇಗ ಕೆಡುವುದಿಲ್ಲ, ನಿಜ. ಆದರೆ ಕೆಟ್ಟಾಗ ಅದೂ ಹೈಡ್ರೋಜನ್ ಬಿಡುತ್ತದೆ. 2021ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ ಸಿಡಿದು ಅಗ್ನಿಶಾಮಕ ದಳದ ಇಬ್ಬರನ್ನು ಕೊಂದದ್ದು ಫಾಸ್ಫೇಟ್ ಬ್ಯಾಟರಿಗಳ ಕೇಂದ್ರವೇ. ನಮ್ಮ ಬೇಸಿಗೆಯ 42 ಡಿಗ್ರಿಗೆ ಬಯಲು ತಡೆದೀತೇ ಎಂಬ ಪ್ರಶ್ನೆಯೂ ಸರಿ. 42ಕ್ಕೂ 130ಕ್ಕೂ ಬಹಳ ದೂರವಿದೆ. ಆದರೆ ಚಾರ್ಜ್ ಮಾಡಲು ಹಲವು ಸೆಲ್ಲುಗಳ ಮಿತಿ 45 ಡಿಗ್ರಿ, ಆದ್ದರಿಂದ ತಂಪುಯಂತ್ರ ಒಂದು ಮಧ್ಯಾಹ್ನವೂ ನಿಲ್ಲಬಾರದು. ತಗಡಿನ ಶೆಡ್ಡು ಕಟ್ಟಿದರೆ ಕಾವು ಇಳಿಯದು, ಅನಿಲ ಮಾತ್ರ ಒಳಗೇ ಕಟ್ಟಿಕೊಳ್ಳುತ್ತದೆ. ಬಿಡಿಬಿಡಿಯಾಗಿ ಇಟ್ಟರೆ ಜಮೀನು ಜಾಸ್ತಿ ಬೇಕು, ಖರ್ಚೂ ಹೆಚ್ಚು, ಅದನ್ನು ಒಪ್ಪಲೇಬೇಕು. ಹಾಗೆಂದು ಅಗ್ಗಕ್ಕೆ ಸಿಕ್ಕಿತೆಂದು ದೇವಣಗಾಂವದಂಥ ಊರಿನ ಹೊಳೆದಂಡೆ ಹುಡುಕಬಾರದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಹೇಗೆ ಉಕ್ಕಿದಳೆಂದು ಅಲ್ಲಿಯವರಿಗೆ ಗೊತ್ತು, ನೀರು ಹೊಕ್ಕ ಬ್ಯಾಟರಿಯೂ ಶಾರ್ಟ್ ಆಗುತ್ತದೆ.

ಗ್ರಾಮಸಭೆಗೆ ಇಂಥ ಯೋಜನೆ ಬಂದರೆ ಎಷ್ಟು ಮೆಗಾವಾಟ್ ಎಂದು ಕೇಳುವ ಮೊದಲು, ಪೆಟ್ಟಿಗೆಗೂ ಪೆಟ್ಟಿಗೆಗೂ ಎಷ್ಟು ಅಂತರ, ಅನಿಲ ಎತ್ತ ಹೋಗುತ್ತದೆ, ತಾಲ್ಲೂಕಿನ ಅಗ್ನಿಶಾಮಕದವರಿಗೆ ತರಬೇತಿ ಕೊಟ್ಟಿದ್ದೀರಾ ಎಂದು ಕೇಳಿ.